ಮುಂದಿನ ಸಲ ಮಹಾಮಾರಿ ಬಂದರೆ ಸರ್ಕಾರದ ಮಾತು ಎಲ್ಲಿವರೆಗೆ ಕೇಳಬೇಕು?

ತಿಪಟೂರು_ಕೊಬ್ಬರಿ
ನಿನ್ನೆ ನಮ್ಮ ಭಾವನ ಜೊತೆ ಜೋರು ವಾದ ಆಯ್ತು. ಅವರ ಪ್ರಕಾರ 2020ರಲ್ಲಿ ಮಾಡಿದ್ದೆಲ್ಲ ಸರಿ, ಇನ್ನೂ ಬಿಗಿ ಮಾಡಬೇಕಿತ್ತು, ನಮ್ಮ ಜನ ಲಾಠಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಗ್ಗಲ್ಲ. ನಾನು ಒಪ್ಪಲಿಲ್ಲ. ಲಾಕ್‌ಡೌನೇ ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಗೊತ್ತಿಲ್ಲದ ರೋಗ, ಆಸ್ಪತ್ರೆಗಳು ಸಿದ್ಧ ಇರಲಿಲ್ಲ, ಸ್ವಲ್ಪ ಟೈಮ್ ಬೇಕಿತ್ತು, ಒಪ್ಪೋಣ. ಆದರೆ ಮಾರ್ಚ್ 24ರ ರಾತ್ರಿ 8 ಗಂಟೆಗೆ ಹೇಳಿ 12 ಗಂಟೆಗೆ ಇಡೀ ದೇಶದ ಬಾಗಿಲು ಹಾಕೋದು ಯಾವ ಲೆಕ್ಕ? ಊರಿಗೆ ಹೋಗಬೇಕಾದವನು ಎಲ್ಲಿಗೆ ಹೋಗಬೇಕು?

ಕ್ವಾರಂಟೈನ್‌ನಲ್ಲಿದ್ದವರ ಕೈಗೆ ಸೀಲ್, ಗಂಟೆಗೊಂದು ಸೆಲ್ಫಿ, ನೈಟ್ ಕರ್ಫ್ಯೂ, ಮಾಸ್ಕ್ ದಂಡ, ಎರಡು ಡೋಸ್ ಆಗದಿದ್ದರೆ ಮಾಲ್‌ಗೆ ಬಿಡಲ್ಲ ಅನ್ನೋದು. ಇದರಲ್ಲಿ ನೀವು ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಸುತಾರಾಂ ಒಪ್ಪಲ್ಲ? ಕಾರಣ ಹೇಳಿ. ಪಕ್ಷದ ಜಗಳ ಬೇಡ ದಯವಿಟ್ಟು.

ಸುಮ್ನೆ_ನೋಡ್ತೀನಿ
ಪಕ್ಷದ ಜಗಳ ಬೇಡ ಅಂದ್ರೆ ಇಲ್ಲಿ ಯಾರಿಗೂ ಮಾತಾಡೋಕೆ ಏನೂ ಉಳಿಯಲ್ಲ ಬಿಡಿ.

ಹಾಸನದ_ಸಿಸ್ಟರ್
ನಾನು ಆಗ ಕೋವಿಡ್ ವಾರ್ಡ್‌ನಲ್ಲಿದ್ದೆ. ಪಿಪಿಇ, ಅಂದರೆ ಮೈಯೆಲ್ಲ ಮುಚ್ಚೋ ರಕ್ಷಣಾ ಉಡುಪು, ಹಾಕಿಕೊಂಡ ಮೇಲೆ ಬಾತ್‌ರೂಮಿಗೆ ಹೋಗೋ ಹಾಗಿಲ್ಲ ಅಂತ ಡ್ಯೂಟಿಗೆ ಮುಂಚೆ ನೀರು ಕುಡೀತಿರಲಿಲ್ಲ. ಮುಖದ ಶೀಲ್ಡ್‌ಗೆ ಹಬೆ ಕಟ್ಟಿ ರೋಗಿಯ ನರ ಕಾಣುತ್ತಿರಲಿಲ್ಲ, ಬೆರಳಲ್ಲಿ ಮುಟ್ಟಿ ನೋಡಿ ಸೂಜಿ ಹಾಕಬೇಕಿತ್ತು. ಯಾರು ಯಾರು ಅಂತ ಗೊತ್ತಾಗಲಿ ಅಂತ ಬೆನ್ನ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆವು. ಹೊರಗಡೆ ಜನ "ನನ್ನ ಮುಖ, ನನ್ನ ಇಷ್ಟ, ಮಾಸ್ಕ್ ಹಾಕಲ್ಲ" ಅಂದಾಗ ನಮಗೆ ಹೇಗಾಗಿರಬೇಕು ಹೇಳಿ. ನಿಮ್ಮ ಸ್ವಾತಂತ್ರ್ಯದ ಬಿಲ್ಲು ನಮ್ಮ ವಾರ್ಡಿಗೆ ಬರುತ್ತಿತ್ತು.

ನನ್ನ ಉತ್ತರ: ಮಾಸ್ಕ್ ಒಪ್ಪುತ್ತೀನಿ, ಗುಂಪು ಸೇರಬಾರದು ಅನ್ನೋದು ಒಪ್ಪುತ್ತೀನಿ. ಮಿಕ್ಕಿದ್ದು ನೀವೇ ಜಗಳ ಆಡಿಕೊಳ್ಳಿ.

ಬೈಕ್_ಸೀಜ್
ಸಿಸ್ಟರ್, ನಿಮಗೆ ಕೈ ಮುಗೀತೀನಿ. ಆದರೆ ಮಾಸ್ಕ್ ಹಾಕಿಕೊಂಡು, ಒಬ್ಬನೇ ಬೈಕಲ್ಲಿ ಹಾಲು ತರೋಕೆ ಹೋದವನಿಗೆ ಪೊಲೀಸರು ಯಾಕೆ ಹೊಡೆದರು? 2021ರ ಮೇ ತಿಂಗಳು. ದಿನಸಿಗೆ ನಡೆದುಕೊಂಡೇ ಹೋಗಬೇಕು, ಗಾಡಿ ತೆಗೆಯೋ ಹಾಗಿಲ್ಲ ಅಂತ ಆದೇಶ. ನಮ್ಮ ಮನೆಯಿಂದ ಅಂಗಡಿ ಎರಡು ಕಿಲೋಮೀಟರ್. ಅಂಗಡಿ ತೆರೆಯೋದು ಬೆಳಗ್ಗೆ 6ರಿಂದ 10. ಎಲ್ಲರೂ ಅದೇ ನಾಲ್ಕು ಗಂಟೆಯಲ್ಲಿ ನುಗ್ಗಿದರೆ ಅಂತರ ಎಲ್ಲಿಂದ ಬರುತ್ತೆ? ದಿನವಿಡೀ ತೆರೆದಿದ್ದರೆ ಜನ ಹಂಚಿಹೋಗುತ್ತಿದ್ದರು. ಆಮೇಲೆ ಅವರೇ ಹತ್ತಿರದ ಅಂಗಡಿಗೆ ಗಾಡಿ ಓಡಿಸಬಹುದು ಅಂತ ಬದಲಾಯಿಸಿದರು. ಅಷ್ಟರಲ್ಲಿ ನನ್ನ ಮೀನಖಂಡ ನೀಲಿ ಆಗಿತ್ತು.

ರಾಗಿಮುದ್ದೆ_77
ನಾಲ್ಕು ಗಂಟೆ ಅಂಗಡಿ ತೆಗೆಯೋ ಐಡಿಯಾ ಯಾರದ್ದೋ ಏನೋ, ಅವರಿಗೊಂದು ಸನ್ಮಾನ ಮಾಡಬೇಕು. ನಮ್ಮ ಏರಿಯಾ ಮಾರ್ಕೆಟ್ ಜಾತ್ರೆ ತರ ಇತ್ತು.

ಕೋರ್ಟ್_ಕಟ್ಟೆ
ವಕೀಲಿಕೆ ಮಾಡುತ್ತೀನಿ, ಸ್ವಲ್ಪ ಉದ್ದ ಆಗಬಹುದು.

ಓಡಾಡೋ ಹಕ್ಕು ಸಂವಿಧಾನದ 19(1)(ಡಿ)ಯಲ್ಲಿದೆ. ಅದೇ ವಿಧಿಯ 19(5)ರಲ್ಲಿ ಸಾರ್ವಜನಿಕರ ಹಿತಕ್ಕಾಗಿ "ಸಮಂಜಸ" ನಿರ್ಬಂಧ ಹಾಕಬಹುದು ಅಂತಲೂ ಇದೆ. ಹಾಗಾಗಿ ಲಾಕ್‌ಡೌನ್ ಅನ್ನೋದೇ ಕಾನೂನು ವಿರೋಧ ಅನ್ನೋ ವಾದ ನಿಲ್ಲಲ್ಲ. ಪ್ರಶ್ನೆ ಇರೋದು ಸಮಂಜಸವಾ ಅಲ್ವಾ ಅನ್ನೋದು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತಲ್ಲ, ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರಲ್ಲಿ ಅಳತೆಗೋಲು ಕೊಟ್ಟಿದ್ದಾರೆ: ನಿರ್ಬಂಧದ ಹಿಂದೆ ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಬೇಕಾದಷ್ಟೇ ಇರಬೇಕು, ಜಾಸ್ತಿ ಅಲ್ಲ.

ಲಾಕ್‌ಡೌನ್ ಆದೇಶ ಬಂದಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ. ಜೊತೆಗೆ ಎಲ್ಲ ಕಡೆ ಎಳೆದು ತಂದದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಅದರಲ್ಲಿ ಆಗ ಇದ್ದದ್ದು ನಾಲ್ಕೇ ನಾಲ್ಕು ಸೆಕ್ಷನ್. ಸರ್ಕಾರ ಏನು ಬೇಕಾದರೂ ಮಾಡಬಹುದು, ಮೀರಿದವರಿಗೆ ಶಿಕ್ಷೆ, ಸದುದ್ದೇಶದಿಂದ ಮಾಡಿದ ಅಧಿಕಾರಿ ಮೇಲೆ ಕೇಸು ಹಾಕೋ ಹಾಗಿಲ್ಲ. ಜನರಿಗೆ ಏನು ಕೊಡಬೇಕು, ಎಷ್ಟು ದಿನಕ್ಕೊಮ್ಮೆ ಪರಿಶೀಲನೆ ಮಾಡಬೇಕು, ಒಂದಕ್ಷರ ಇಲ್ಲ. ಬ್ರಿಟಿಷರು ಬರೆದದ್ದು, ಅವರಿಗೆ ಅದು ಬೇಕಿರಲಿಲ್ಲ.

ಬಸವನಗುಡಿ_ತಾತ
ವಕೀಲರು ಒಳ್ಳೆ ಮಾತು ಎತ್ತಿದರು. ಆ ಕಾಯ್ದೆ ಹುಟ್ಟಿದ್ದೇ ಮುಂಬೈ ಪ್ಲೇಗಿನಲ್ಲಿ. ಪುಣೆಯಲ್ಲಿ ಸೈನಿಕರು ಮನೆಯೊಳಗೆ ನುಗ್ಗಿ, ಹೆಂಗಸರನ್ನೂ ಬಿಡದೆ ತಪಾಸಣೆ ಮಾಡಿದರು, ಸಾಮಾನು ಸುಟ್ಟರು. ಕೊನೆಗೆ 1897ರ ಜೂನ್‌ನಲ್ಲಿ ಪ್ಲೇಗ್ ಕಮಿಷನರ್ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಗುಂಡಿಕ್ಕಿ ಕೊಂದರು. ತಿಲಕರ ಮೇಲೆ ರಾಜದ್ರೋಹದ ಕೇಸು ಬಿದ್ದದ್ದೂ ಅದೇ ವರ್ಷ.

ಮುಂದಿನ ವರ್ಷ ಬೆಂಗಳೂರಿಗೂ ಪ್ಲೇಗ್ ಬಂತು. ನಾನು ಕೂತು ಬರೆಯುತ್ತಿರೋ ಬಸವನಗುಡಿ, ಆ ಕಡೆ ಮಲ್ಲೇಶ್ವರ, ಎರಡೂ ಬೆಳೆದದ್ದು ಪ್ಲೇಗಿನ ನಂತರ. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಈ ಕಡೆ ಬಂದರು. ಹಳ್ಳಿಗಳಲ್ಲಿ ಯಾರೂ ಆದೇಶ ಕೊಡುವ ಮುಂಚೆಯೇ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿ ಸತ್ತು ಬಿದ್ದರೆ ಸಾಕು, ಗಂಟು ಮೂಟೆ ಕಟ್ಟುತ್ತಿದ್ದರು ಅಂತ ನಮ್ಮಜ್ಜಿ ಹೇಳುತ್ತಿದ್ದರು. ತಮ್ಮ ಕಣ್ಣಿಗೆ ಕಾರಣ ಕಂಡರೆ ನಮ್ಮ ಜನ ತಾವೇ ಕೇಳುತ್ತಾರೆ, ಲಾಠಿಯೇ ಬೇಕು ಅನ್ನೋ ಭಾವನವರಿಗೆ ಇದನ್ನು ಹೇಳಪ್ಪ.

ಬೈಕ್_ಸೀಜ್
ತಾತ ಸೂಪರ್ 🙏

ಯಾದಗಿರಿ_ಹುಡ್ಗ
ನೀವೆಲ್ಲ ಬೆಂಗಳೂರಿನ ಮಾಲ್, ಮಾಸ್ಕ್ ಅಂತ ಹೇಳ್ಲಿಕ್ಕತ್ತೀರಿ. ನಮ್ಮ ಕಡೆ ಬ್ಯಾರೆ ಕಥಿ. ದೇಶದ ಮೊದಲನೇ ಕೊರೊನಾ ಸಾವು ಕಲಬುರಗಿಯಲ್ಲಿ ಆಗಿತ್ತು, 2020ರ ಮಾರ್ಚ್‌ನಾಗ. ಅಲ್ಲಿಂದ ಜನ ಹೆದರಿ ಹೋಗಿದ್ದರು. ಮೇ ತಿಂಗಳಲ್ಲಿ ಮುಂಬೈ, ಪುಣೆಗೆ ದುಡಿಯೋಕೆ ಹೋಗಿದ್ದ ನಮ್ಮ ಮಂದಿ ವಾಪಸ್ ಬಂದಾಗ ಶಾಲೆ, ಹಾಸ್ಟೆಲ್‌ಗಳಲ್ಲಿ ಇಟ್ಟರು. ನಮ್ಮ ಕಾಕಾ ಇದ್ದ ಶಾಲೆಯಲ್ಲಿ ಎರಡು ಸಂಡಾಸು, ನೀರು ಬಂದರೆ ಬಂತು. ಒಂದೇ ಖೋಲಿಯಲ್ಲಿ ಸಾಲಾಗಿ ಚಾಪೆ. ರೋಗ ಇಲ್ಲದವನಿಗೂ ಅಲ್ಲೇ ಹತ್ತಬೇಕು. ಅದೇ ಹೊತ್ತಿಗೆ ವಿಮಾನದಲ್ಲಿ ಬಂದವರು ರೊಕ್ಕ ಕೊಟ್ಟು ಹೋಟೆಲ್ ರೂಮಿನಲ್ಲಿ ಕ್ವಾರಂಟೈನ್ ಆದರು, ಎಸಿ ಹಾಕ್ಕೊಂಡು.

ನಿರ್ಬಂಧ ಹಾಕ್ರಿ, ಬ್ಯಾಡ ಅನ್ನಲ್ಲ. ರೊಕ್ಕ ನೋಡಿ ಹಾಕಬ್ಯಾಡ್ರಿ.

ಕೆಆರ್‌ಪುರಂ_ಕಂಟ್ರಾಕ್ಟರ್
ಆಗ ಎಲ್ಲ ಕಡೆನೂ ಗಡಿಬಿಡಿ ಇತ್ತು ಬ್ರೋ, ಅಷ್ಟು ಜನಕ್ಕೆ ಎಲ್ಲಿಂದ ರೂಮ್ ತರ್ತಾರೆ? ಟೀಕೆ ಮಾಡೋದು ಸುಲಭ.

ಯಾದಗಿರಿ_ಹುಡ್ಗ
ನಿಮ್ಮ ಹೆಸರು ನೋಡಿ ನೆನಪಾತು. ಮೇ ಮೊದಲ ವಾರ ಕೂಲಿಕಾರರ ಶ್ರಮಿಕ್ ರೈಲು ರದ್ದು ಮಾಡಿದ್ದರಲ್ಲ, ಬಿಲ್ಡರ್‌ಗಳ ಜೊತೆ ಮೀಟಿಂಗ್ ಆದ ಮ್ಯಾಲೆ? ಬಿಹಾರ, ಯುಪಿಯವರು ಊರಿಗೆ ಹೋಗಬಾರದು, ಇಲ್ಲೇ ಇದ್ದು ಕಟ್ಟಡ ಕಟ್ಟಬೇಕು. ಗದ್ದಲ ಆದಮ್ಯಾಲೆ ಮತ್ತ ಬಿಟ್ಟರು. ಅದು ಯಾವ ರೋಗ ತಡೆಯೋಕೆ ಸಾಹೇಬ್ರ?

ಕೆಆರ್‌ಪುರಂ_ಕಂಟ್ರಾಕ್ಟರ್
ನಾನು ಬಿಲ್ಡರ್ ಅಲ್ಲ, ಪ್ಲಂಬಿಂಗ್ ಕಂಟ್ರಾಕ್ಟರ್. ನನ್ನ ಹುಡುಗರಿಗೆ ಎರಡು ತಿಂಗಳು ಅಕ್ಕಿ ಬೇಳೆ ಕೊಟ್ಟಿದ್ದು ನಾನೇ, ಸರ್ಕಾರ ಅಲ್ಲ. ರೈಲು ನಿಲ್ಲಿಸಿದ್ದು ತಪ್ಪು, ಅದನ್ನು ಯಾರೂ ಸಮರ್ಥಿಸಲ್ಲ.

ಪೀಣ್ಯ_ಟೈಲರ್
ರೈಲು ಬಿಡಿ. ಅದೇ ಮೇ ತಿಂಗಳಲ್ಲಿ ಕಾರ್ಖಾನೆ ಕೆಲಸದ ಹೊತ್ತು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ಮಾಡಿ ಆದೇಶ ಹೊರಡಿಸಿದ್ದು ಯಾರಿಗಾದರೂ ನೆನಪಿದೆಯಾ? ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್‌ನಲ್ಲಿ ವಾಪಸ್ ತೆಗೆದುಕೊಂಡರು. ರೋಗಕ್ಕೂ ನಾವು ಎರಡು ಗಂಟೆ ಜಾಸ್ತಿ ಹೊಲಿಯೋದಕ್ಕೂ ಏನು ಸಂಬಂಧ ಅಂತ ಇವತ್ತಿಗೂ ಗೊತ್ತಾಗಿಲ್ಲ. ಬಸ್ ಇಲ್ಲ, ಮಕ್ಕಳಿಗೆ ಅಂಗನವಾಡಿ ಇಲ್ಲ, ಆದರೆ ಡ್ಯೂಟಿ ಮಾತ್ರ ಜಾಸ್ತಿ.

ಕೋರ್ಟ್_ಕಟ್ಟೆ
ಪೀಣ್ಯ ಮೇಡಂ ಹೇಳಿದ್ದು ಸರಿ. ಗುಜರಾತಿನ ಇಂಥದ್ದೇ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ರದ್ದು ಮಾಡಿತು. ಮಹಾಮಾರಿ ಬಂತು ಅಂತ ಕಾರ್ಮಿಕರ ಹಕ್ಕು ಬದಿಗಿಡೋಕೆ ಆಗಲ್ಲ ಅಂತ.

ಟೆಕ್ಕಿ_ಆದರೆ_ಒಳ್ಳೆಯವನು
ನನಗೆ ಅತಿ ಕೋಪ ಬಂದದ್ದು ಕ್ವಾರಂಟೈನ್ ವಾಚ್ ಆ್ಯಪ್ ಮೇಲೆ. ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು, ಲೊಕೇಶನ್ ಸಮೇತ. ಮಧ್ಯಾಹ್ನ ನಿದ್ದೆ ಬಂದರೂ ಅಲಾರಂ ಇಟ್ಟುಕೊಂಡು ಎದ್ದು ಹಲ್ಲು ಕಿರಿಯೋದು. ಅದಕ್ಕಿಂತ ಮುಂಚೆ ವಿದೇಶದಿಂದ ಬಂದವರ ಮನೆ ವಿಳಾಸಗಳ ಪಟ್ಟಿಯನ್ನೇ ಆನ್‌ಲೈನ್‌ನಲ್ಲಿ ಹಾಕಿದರು. ಆ ಪಟ್ಟಿ ವಾಟ್ಸಾಪ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿಗೂ ಬಂತು, ಹಾಲಿನವನು ನಮ್ಮ ಫ್ಲೋರಿಗೆ ಬರೋದೇ ನಿಲ್ಲಿಸಿದ. ಇದರಿಂದ ರೋಗ ಕಮ್ಮಿ ಆಯ್ತಾ? ಮುಂದಿನವನು ರೋಗ ಮುಚ್ಚಿಡೋದು ಜಾಸ್ತಿ ಆಯ್ತು, ಅಷ್ಟೇ.

ಹಾಸನದ_ಸಿಸ್ಟರ್
ಮುಚ್ಚಿಡೋ ವಿಷಯ ನಿಜ. ಗೇಟಿಗೆ ಪೋಸ್ಟರ್ ಅಂಟಿಸ್ತಾರೆ ಅಂತ ಹೆದರಿ ಟೆಸ್ಟ್ ಮಾಡಿಸದೆ, ಉಸಿರು ಸಿಗದೇ ಇದ್ದಾಗ ಕೊನೆಗೆ ಕರಕೊಂಡು ಬರುತ್ತಿದ್ದರು. ರಕ್ತದಲ್ಲಿ ಆಕ್ಸಿಜನ್ ಸ್ಯಾಚುರೇಶನ್ 70ಕ್ಕೆ ಇಳಿದ ಮೇಲೆ ನಾವು ಏನು ಮಾಡೋಕಾಗುತ್ತೆ. ನಾನು ಬಾಡಿಗೆಗಿದ್ದ ಮನೆ ಓನರ್ ಕೂಡ ಖಾಲಿ ಮಾಡಮ್ಮ ಅಂದರು. ಸಂಜೆ ತಟ್ಟೆ ಬಡಿದವರಲ್ಲಿ ಅವರೂ ಒಬ್ಬರು.

ರಾಗಿಮುದ್ದೆ_77
ಅಕ್ಕ 😔

ಕಾಸರಗೋಡು_ಕನ್ನಡತಿ
ನಮ್ಮ ಕಡೆಯ ಮಾತೂ ಕೇಳಿ. ಮಂಜೇಶ್ವರ, ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರೇ. ಡಯಾಲಿಸಿಸ್, ಹಾರ್ಟು, ಹೆರಿಗೆ ಎಲ್ಲದಕ್ಕೂ. 2020ರ ಮಾರ್ಚ್‌ನಲ್ಲಿ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದರು, ಸಣ್ಣ ರಸ್ತೆಗಳಿಗೆ ಮಣ್ಣು ಸುರಿದರು. ಆಂಬುಲೆನ್ಸ್ ಕೂಡ ವಾಪಸ್ ಕಳಿಸಿದರು, ಚಿಕಿತ್ಸೆ ಸಿಗದೆ ಜನ ತೀರಿಹೋದರು. ಕೇರಳ ಹೈಕೋರ್ಟ್ ಹೇಳಿ, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್‌ನಲ್ಲಿ ಒಂದು ವ್ಯವಸ್ಥೆ ಆಯ್ತು. ನಾವು ಮನೆಯಲ್ಲಿ ತುಳು, ಕನ್ನಡ ಮಾತಾಡೋರು. ಗಡಿಯ ಆ ಕಡೆ ಅಕ್ಕ, ಈ ಕಡೆ ತಂಗಿ. ರಾತ್ರೋರಾತ್ರಿ ನಮ್ಮನ್ನು ಹೊರಗಿನವರು ಮಾಡಿದರು.

ಉಳ್ಳಾಲ_ಬಂಗುಡೆ
ಆಗ ಕಾಸರಗೋಡಲ್ಲಿ ಕೇಸ್ ತುಂಬಾ ಇತ್ತು ಅಕ್ಕ, ನಮ್ಮವರಿಗೂ ಹೆದರಿಕೆ ಇತ್ತು, ಅದನ್ನೂ ಹೇಳಬೇಕಲ್ವಾ?

ಕಾಸರಗೋಡು_ಕನ್ನಡತಿ
ಹೆದರಿಕೆ ಇರಲಿ ಮಾರಾಯ. ಗೇಟಿನಲ್ಲಿ ಒಬ್ಬ ಡಾಕ್ಟರನ್ನು ಕೂರಿಸಿ ನೋಡಿ ಬಿಡಬಹುದಿತ್ತು. ಕೊನೆಗೆ ಹೆಚ್ಚುಕಮ್ಮಿ ಮಾಡಿದ್ದು ಅದನ್ನೇ. ಮೊದಲ ದಿನವೇ ಮಾಡೋಕೆ ಏನಾಗಿತ್ತು?

ಪಂಚಾಯ್ತಿ_ಮೆಂಬರ್
ಎಲ್ಲರೂ ಸರ್ಕಾರ ಸರ್ಕಾರ ಅಂತೀರಿ. ನಮ್ಮೂರಲ್ಲಿ ರಸ್ತೆಗೆ ಜಾಲಿ ಮುಳ್ಳು ಹಾಕಿ, ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದ್ದು ಯಾವ ಸರ್ಕಾರವೂ ಅಲ್ಲ, ಊರಿನ ಹುಡುಗರು. ಬೆಂಗಳೂರಿಂದ ನಡೆದು ಬಂದ ನಮ್ಮೂರ ಹುಡುಗನನ್ನೇ ಒಳಗೆ ಬಿಡಲಿಲ್ಲ. ಅವನ ತಾಯಿ ಬುತ್ತಿ ತಂದು ಮುಳ್ಳಿನ ಈ ಕಡೆ ಇಟ್ಟು ದೂರ ನಿಲ್ಲೋರು, ಅವನು ಬಂದು ತಗೊಂಡು ಹೋಗೋನು. ನಾನು ಪಿಡಿಒಗೆ ಫೋನ್ ಮಾಡಿ ಶಾಲೆ ಬೀಗ ತೆಗೆಸಿ ಅಲ್ಲಿ ಇರಿಸಿದ್ದಕ್ಕೆ ನನಗೇ ಬೈದರು. ಆಶಾ ಕಾರ್ಯಕರ್ತೆ ಮನೆ ಮನೆಗೆ ಹೋಗಿ ಜ್ವರ ಕೇಳಿದರೆ ಬಾಗಿಲು ಹಾಕಿಕೊಳ್ಳೋರು. ನೆರೆಹೊರೆಯವರು ಕಿತ್ತುಕೊಂಡ ಸ್ವಾತಂತ್ರ್ಯಕ್ಕೆ ಯಾವ ಕೋರ್ಟಿಗೆ ಹೋಗೋದು?

ಟೆಕ್ಕಿ_ಆದರೆ_ಒಳ್ಳೆಯವನು
ಇದು ಅಪಾರ್ಟ್‌ಮೆಂಟಿಗೂ ಅನ್ವಯಿಸುತ್ತೆ. ಸರ್ಕಾರ ಕೆಲಸದವರು ಬರಬಹುದು ಅಂದ ಮೇಲೂ ಅಸೋಸಿಯೇಶನ್ ಬಿಡಲಿಲ್ಲ. ಮನೆಕೆಲಸದವರಿಗೆ ಸರ್ವಿಸ್ ಲಿಫ್ಟ್, ಜಿಮ್‌ಗೆ ಹೋಗೋರಿಗೆ ಮೇನ್ ಲಿಫ್ಟ್. ವೈರಸ್ ಲಿಫ್ಟ್ ನೋಡಿ ಹತ್ತುತ್ತಿತ್ತೋ ಏನೋ.

ಸುಮ್ನೆ_ನೋಡ್ತೀನಿ
ವೈರಸ್‌ಗೆ ಟೈಮ್ ಸೆನ್ಸೂ ಇತ್ತು. 2020ರ ಡಿಸೆಂಬರ್ ನೈಟ್ ಕರ್ಫ್ಯೂ ನೆನಪಿದೆಯಾ? ಮೊದಲು ರಾತ್ರಿ 10ರಿಂದ 6 ಅಂದರು, ಆಮೇಲೆ 11ರಿಂದ 5 ಅಂದರು, ಶುರು ಆಗೋ ಹೊತ್ತಿಗೆ ಕರ್ಫ್ಯೂನೇ ವಾಪಸ್ 😂

ರಾಗಿಮುದ್ದೆ_77
ಮಾಸ್ಕ್ ದಂಡವೂ ಹಾಗೇ. ಆ ಅಕ್ಟೋಬರ್‌ನಲ್ಲಿ ಸಿಟಿಯಲ್ಲಿ 1000 ಅಂದರು, ಜನ ಬೈದರು, 250ಕ್ಕೆ ಇಳೀತು. ಕೆ.ಆರ್. ಮಾರ್ಕೆಟ್‌ನಲ್ಲಿ ಸೀರೆ ವ್ಯಾಪಾರ ಮಾಡಿದ ಹಾಗೆ. ಮೇ 4ಕ್ಕೆ ಬಾರ್‌ ಕ್ಯೂ ನೋಡಿದ್ದೀರಲ್ಲ, ದೇವಸ್ಥಾನಕ್ಕೆ ಬೀಗ, ವೈನ್ ಶಾಪ್ ಮುಂದೆ ತೆಂಗಿನಕಾಯಿ ಒಡೆದು ಪೂಜೆ.

ಗುಂಡಿನ_ಗಮ್ಮತ್ತು
ಆ ಕ್ಯೂನಲ್ಲಿ ಒಂದೊಂದು ಮೀಟರ್ ಅಂತರ ಬಿಟ್ಟು, ಸುಣ್ಣದ ರೌಂಡ್ ಒಳಗೆ ನಿಂತಿದ್ದು ನಾವೇ. ಶಿಸ್ತು ಅಂದರೆ ನಮ್ಮನ್ನು ನೋಡಿ ಕಲೀರಿ.

ದೊಡ್ಡಬಳ್ಳಾಪುರ_ಸೇವಂತಿಗೆ
ನಗೋದು ಸಾಕು ಸ್ವಾಮಿ. ಬಾರ್ ತೆಗೆಯೋಕೆ ಇದ್ದ ಅರ್ಜೆಂಟು ಹೂವಿನ ಮಾರ್ಕೆಟ್ಟಿಗೆ ಇರಲಿಲ್ಲ. ಮದುವೆ ಇಲ್ಲ, ಗುಡಿ ಇಲ್ಲ, ಯುಗಾದಿಯೇ ಕೊಚ್ಚಿಹೋಯ್ತು. ಬಿಡಿಸೋ ಕೂಲಿಯೂ ಹುಟ್ಟಲ್ಲ ಅಂತ ಅರಳಿ ನಿಂತ ಗಿಡದ ಮೇಲೆ ರೋಟವೇಟರ್ ಹೊಡೆಸಿದೆವು. ಮೇ ತಿಂಗಳಲ್ಲಿ 1,610 ಕೋಟಿ ಪ್ಯಾಕೇಜ್ ಬಂತು. ಹೂವಿಗೆ ಹೆಕ್ಟೇರಿಗೆ 25,000, ಅದೂ ಒಂದು ಹೆಕ್ಟೇರಿಗೆ ಮಾತ್ರ. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋದವರಿಗೆ ಒಂದು ಸಲ 5,000. ಬೇಡ ಅನ್ನಲ್ಲ, ಕೊಟ್ಟಿದ್ದಾರೆ. ನನ್ನ ಎರಡು ಎಕರೆಗೆ ಸಸಿ, ಗೊಬ್ಬರ, ಡ್ರಿಪ್, ಔಷಧಿ ಸೇರಿ ಹಾಕಿದ್ದಕ್ಕೆ ಅದು ಎಲ್ಲೂ ಸಾಲಲಿಲ್ಲ. ಎಲ್ಲರ ಆರೋಗ್ಯಕ್ಕೆ ಅಂತ ನನ್ನ ಬದುಕಿಗೆ ಬೀಗ ಹಾಕಿದರೆ ಅದರ ಖರ್ಚನ್ನೂ ಎಲ್ಲರೂ ಸೇರಿ ಕೊಡಬೇಕಲ್ವಾ? ನಾನು ಇಷ್ಟೇ ಕೇಳೋದು.

ಮೆಲ್ಬರ್ನ್_ಮಂಡ್ಯ
ಸೇವಂತಿಗೆಯವರು ಪಾಯಿಂಟ್ ಹಿಡಿದರು. ನಾನಿರೋ ಮೆಲ್ಬರ್ನ್‌ನಲ್ಲಿ ಎಲ್ಲಾ ಸೇರಿ 262 ದಿನ ಲಾಕ್‌ಡೌನ್ ಆಯ್ತು. ಮನೆಯಿಂದ 5 ಕಿಲೋಮೀಟರ್ ದಾಟೋ ಹಾಗಿಲ್ಲ, ರಾತ್ರಿ ಕರ್ಫ್ಯೂ. ಆದರೆ ಕೆಲಸ ನಿಂತವರಿಗೆ ಜಾಬ್‌ಕೀಪರ್ ಅಂತ ಎರಡು ವಾರಕ್ಕೆ 1,500 ಡಾಲರ್ ಬರುತ್ತಿತ್ತು. ಹಾಗಾಗಿ ಜನ ಬೈಕೊಂಡಾದರೂ ಮನೆಯಲ್ಲಿ ಕೂತರು.

ಇಲ್ಲೇನೂ ಸ್ವರ್ಗ ಅಲ್ಲ. ನಮ್ಮಂಥ ತಾತ್ಕಾಲಿಕ ವೀಸಾದವರಿಗೆ ಆ ದುಡ್ಡು ಇರಲಿಲ್ಲ. 2020ರ ಜುಲೈನಲ್ಲಿ ಬಡವರು, ವಲಸೆ ಬಂದವರು ಜಾಸ್ತಿ ಇರೋ ಒಂಬತ್ತು ಸರ್ಕಾರಿ ವಸತಿ ಕಟ್ಟಡಗಳನ್ನು ಮುನ್ಸೂಚನೆ ಇಲ್ಲದೆ ಪೊಲೀಸರು ಸುತ್ತುವರಿದು ಬಂದ್ ಮಾಡಿದರು. ಡಿಸೆಂಬರ್‌ನಲ್ಲಿ ವಿಕ್ಟೋರಿಯಾದ ಓಂಬುಡ್ಸ್‌ಮನ್ ಇದು ಮಾನವ ಹಕ್ಕು ಕಾನೂನಿಗೆ ವಿರುದ್ಧ ಅಂತ ವರದಿ ಕೊಟ್ಟರು. 2021ರ ಮೇನಲ್ಲಂತೂ ಇಂಡಿಯಾದಿಂದ ವಾಪಸ್ ಬರೋ ತನ್ನದೇ ನಾಗರಿಕರಿಗೆ ಐದು ವರ್ಷದವರೆಗೆ ಜೈಲು ಅಂತ ಆಸ್ಟ್ರೇಲಿಯಾ ಹೆದರಿಸಿತು. ನಮ್ಮ ಕನ್ನಡ ಸಂಘದ ಎಷ್ಟೋ ಜನ ಅಪ್ಪ ಅಮ್ಮನ ನೋಡೋಕೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಲಾಠಿ ಇರಲಿಲ್ಲ ನಿಜ. ದಂಡದ ಚೀಟಿ 1,652 ಡಾಲರ್.

ಕೆಆರ್‌ಪುರಂ_ಕಂಟ್ರಾಕ್ಟರ್
1,652 ಡಾಲರ್‌ಗಿಂತ ಲಾಠಿ ಏಟೇ ವಾಸಿ ಗುರು.

ಬೈಕ್_ಸೀಜ್
ತಿಂದು ನೋಡಿ ಹೇಳಿ.

ಡಾಕ್ಟ್ರು_ಆದರೆ_ಪ್ರಾಣಿಗಳಿಗೆ
ಲಸಿಕೆ ವಿಷಯ ಯಾರೂ ಎತ್ತಲಿಲ್ಲ. ಎರಡು ಡೋಸ್ ಇಲ್ಲದವರಿಗೆ ಮಾಲ್, ಥಿಯೇಟರ್ ಇಲ್ಲ ಅಂತ 2021ರ ಡಿಸೆಂಬರ್‌ನಲ್ಲಿ ಮಾಡಿದ್ದು ನನ್ನ ಪ್ರಕಾರ ಸರಿ. ಹುಬ್ಬಳ್ಳಿಯಲ್ಲಿ 1898ರಲ್ಲೇ ಪ್ಲೇಗ್ ಚುಚ್ಚುಮದ್ದು ದೊಡ್ಡ ಪ್ರಮಾಣದಲ್ಲಿ ಕೊಟ್ಟಿದ್ದರು, ನಮಗೆ ಇದೇನು ಹೊಸದಲ್ಲ.

ಕೋರ್ಟ್_ಕಟ್ಟೆ
2022ರ ಮೇ 2ರಂದು ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಯಾರಿಗೂ ಬಲವಂತವಾಗಿ ಲಸಿಕೆ ಹಾಕೋ ಹಾಗಿಲ್ಲ, ದೇಹ ಅವರದ್ದು, 21ನೇ ವಿಧಿ. ಆದರೆ ಎಲ್ಲರ ಆರೋಗ್ಯಕ್ಕಾಗಿ ಸರ್ಕಾರ ಮಿತಿಯೊಳಗೆ ನಿರ್ಬಂಧ ಹಾಕಬಹುದು. ಆಗಿನ ಪರಿಸ್ಥಿತಿಯಲ್ಲಿ, ಸೋಂಕು ಕಮ್ಮಿ ಇರುವವರೆಗೆ, ಲಸಿಕೆ ಇಲ್ಲದವರನ್ನು ಸಾರ್ವಜನಿಕ ಜಾಗದಿಂದ ಹೊರಗಿಡಬೇಡಿ ಅಂತ ಸಲಹೆಯನ್ನೂ ಕೊಟ್ಟರು. ಆ್ಯಪ್ ವಿಷಯಕ್ಕೂ ಒಂದಿದೆ: ಒಪ್ಪಿಗೆ ಇಲ್ಲದೆ ಆರೋಗ್ಯ ಸೇತು ಮಾಹಿತಿ ಹಂಚಬಾರದು ಅಂತ ನಮ್ಮ ಹೈಕೋರ್ಟ್ 2021ರ ಜನವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿತ್ತು.

ತಿಪಟೂರು_ಕೊಬ್ಬರಿ
ಎಲ್ಲರ ಮಾತು ಓದಿದೆ. ನನಗೆ ಒಂದೇ ಅನುಮಾನ. ನಿಯಮ ಮಾಡೋರೇ ಮುರಿದರೆ? 2021ರ ಏಪ್ರಿಲ್ 17ಕ್ಕೆ ಬೆಳಗಾವಿ, ಮಸ್ಕಿ, ಬಸವಕಲ್ಯಾಣ ಉಪಚುನಾವಣೆ, ಅದಕ್ಕೆ ಮುಂಚೆ ಪ್ರಚಾರ ಸಭೆಗಳು. ಹತ್ತು ದಿನದಲ್ಲಿ ನಮಗೆ ಕರ್ಫ್ಯೂ. 2022ರ ಜನವರಿಯಲ್ಲಿ ವೀಕೆಂಡ್ ಕರ್ಫ್ಯೂ ಇದ್ದಾಗಲೇ ಮೇಕೆದಾಟು ಪಾದಯಾತ್ರೆ, ಹೈಕೋರ್ಟ್ ಬೈದ ಮೇಲೆ ನಿಲ್ಲಿಸಿದರು. ಒಂದು ಆ ಪಕ್ಷ, ಒಂದು ಈ ಪಕ್ಷ, ಲೆಕ್ಕ ಸರಿ ಹೋಯ್ತು, ಯಾರೂ ಕಿತ್ತಾಡಬೇಡಿ.

ಸುಮ್ನೆ_ನೋಡ್ತೀನಿ
ಪಕ್ಷದ ಜಗಳ ಬೇಡ ಅಂದವರೇ ಶುರು ಮಾಡಿದರು 🍿

ಹಾಸನದ_ಸಿಸ್ಟರ್
ನನ್ನದೂ ಒಂದು ಪ್ರಶ್ನೆ. ಜನರನ್ನು ಒಳಗೆ ಕೂರಿಸಿದ್ದು ಆಸ್ಪತ್ರೆ ಸಿದ್ಧ ಮಾಡೋಕೆ ಟೈಮ್ ಬೇಕು ಅಂತ ತಾನೆ? ಒಂದು ವರ್ಷ ಸಿಕ್ಕಿತು. ಆಮೇಲೂ 2021ರ ಮೇ ಮೊದಲ ವಾರ ಚಾಮರಾಜನಗರದಲ್ಲಿ ಆಕ್ಸಿಜನ್ ಇಲ್ಲದೆ ಜನ ಸತ್ತರು. ಹೈಕೋರ್ಟ್ ನೇಮಿಸಿದ ಸಮಿತಿ 36 ಅಂತ ಹೇಳಿತು, ಸರ್ಕಾರ ಮೊದಲು ಹೇಳಿದ್ದು ಅದಕ್ಕಿಂತ ಕಮ್ಮಿ. ಜನ ತಮ್ಮ ಪಾಲಿನ ಕಷ್ಟ ಪಟ್ಟರು. ಆ ಕಡೆಯವರು ತಮ್ಮ ಕೆಲಸ ಮಾಡಿದರಾ ಅಂತ ನಮ್ಮಲ್ಲಿ ಯಾರೂ ಕೇಳಲ್ಲ, ಮಾಸ್ಕ್ ಬಗ್ಗೆ ಮಾತ್ರ ಜಗಳ.

ಪಂಚಾಯ್ತಿ_ಮೆಂಬರ್
ಮೇಡಂ, ಇದು ಕಾಯ್ದೆಯಲ್ಲೇ ಬರಬೇಕು. ಇಷ್ಟು ವಾರ ಮುಚ್ಚಿದರೆ ಇಷ್ಟು ಹಾಸಿಗೆ, ಇಷ್ಟು ಆಕ್ಸಿಜನ್, ಮನೆಗೆ ಇಷ್ಟು ರೇಷನ್, ಅಂತ ಲೆಕ್ಕ ಕೊಡಬೇಕು. ವಿಧಾನಸಭೆಯಲ್ಲಿ ಪ್ರತಿ ತಿಂಗಳು ಕೇಳೋ ಹಾಗಿರಬೇಕು.

ಬಸವನಗುಡಿ_ತಾತ
ಪ್ರತಿ ತಿಂಗಳು ಸದನ ನಡೆಯುತ್ತದಾ ಮೊದಲು ಅದನ್ನು ನೋಡಪ್ಪ.

ಬೈಕ್_ಸೀಜ್
ವಕೀಲ್ ಸಾರ್, ಒಂದು ಸ್ವಂತ ಡೌಟು. ಮೊದಲನೇ ಲಾಕ್‌ಡೌನ್‌ನಲ್ಲೂ ನನ್ನ ಬೈಕ್ ಹಿಡಿದಿದ್ದರು. ಬಿಡಿಸಿಕೊಳ್ಳೋಕೆ ಕಟ್ಟಿದ ದುಡ್ಡು ಈಗ ವಾಪಸ್ ಕೇಳಬಹುದಾ?

ಕೋರ್ಟ್_ಕಟ್ಟೆ
ಆಗ ಹೈಕೋರ್ಟ್ ಟೂವೀಲರ್‌ಗೆ 500, ಕಾರಿಗೆ 1000 ಕಟ್ಟಿಸಿಕೊಂಡು ಬಿಡಿ ಅಂತ ಹೇಳಿತ್ತು. ನೀವು ಎಷ್ಟು ಕಟ್ಟಿದ್ದೀರಿ? ರಸೀದಿ ಇದೆಯಾ?

ಬೈಕ್_ಸೀಜ್
2000. ರಸೀದಿ ಕೊಡಲಿಲ್ಲ.

ಕೋರ್ಟ್_ಕಟ್ಟೆ
ಹಾಗಾದರೆ ಮರೆತುಬಿಡಿ.